ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ಶಾಲೆ ಶುರುವಾಗಲು ಇನ್ನು ಮೂರು ವಾರ ಇದೆ ಎನ್ನುವಾಗ ಅಕ್ಕ ತನ್ನ ಮಗಳನ್ನು ಕರೆದುಕೊಂಡು ಕಾರ್ಖಾನೆಗೆ ಬಂದಳು. ಕಾರ್ಖಾನೆ ಎಂದರೆ ದೊಡ್ಡದೇನೂ ಅಲ್ಲ, ಒಂದು ಉದ್ದನೆಯ ಹಾಲ್. ಹತ್ತು ಹೊಲಿಗೆ ಮಷಿನು, ಒಂದು ಇಸ್ತ್ರಿ ಮೇಜು, ಕಿಟಕಿಯ ಪಕ್ಕ ಒಂದು ಕಟಿಂಗ್ ಮೇಜು. ಸುತ್ತಮುತ್ತಲ ಶಾಲೆಗಳ ಮಕ್ಕಳ ಯೂನಿಫಾರ್ಮೆಲ್ಲ ಅಲ್ಲೇ ಹುಟ್ಟುವುದು. ಕಟಿಂಗ್ ಮೇಜಿನ ಹಿಂದೆ ನಿಂತಿದ್ದ ತೆಳ್ಳನೆಯ ಹೆಂಗಸನ್ನು ಯಜಮಾನರಿಂದ ಹಿಡಿದು ಗುಂಡಿ ಮಾರುವವನವರೆಗೆ ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಅವಳು ಅಪ್ಪನಿಂದ ಪಡೆದ ಆಸ್ತಿ ಒಂದು ಮೊಳದುದ್ದದ ಕತ್ತರಿ. ಅದನ್ನು ಬೇರೆ ಯಾರಾದರೂ ಮುಟ್ಟಿದರೆ ಮಾತ್ರ ಅವಳ ಮುಖದ ನಗು ಸ್ವಲ್ಪ ಕಡಿಮೆಯಾಗುತ್ತಿತ್ತು. ಉಳಿದಂತೆ ನಗು ನಗುತ್ತಲೇ ಇರುವ ಪ್ರಾಣಿ.

ಅಂದು ಬಂದವಳು ಇವಳ ಒಡಹುಟ್ಟಿದ ಅಕ್ಕ. ಅವಳ ಮಗಳು ಪುಟ್ಟಿಗೆ ಹದಿಮೂರು ತುಂಬಿತ್ತು. ಒಂದನೇ ತರಗತಿಯಿಂದ ಅವಳ ಅಳತೆ ತೆಗೆಯುವುದು ಚಿಕ್ಕಮ್ಮನೇ. ಕತ್ತರಿಯಕ್ಕ ಅಳತೆ ಪುಸ್ತಕದಲ್ಲಿ ಹೋದ ವರ್ಷದ ಪುಟ ತೆಗೆದಿಟ್ಟುಕೊಂಡು ಟೇಪು ಹಿಡಿದಳು. ಭುಜ ಬೆಳೆದಿತ್ತು. ತೋಳು ಬೆಳೆದಿತ್ತು. ಉದ್ದವಂತೂ ಕೇಳುವುದೇ ಬೇಡ. ಸೊಂಟಕ್ಕೆ ಬಂದಾಗ ಟೇಪು ಹೋದ ವರ್ಷದ ಗೆರೆಗಿಂತ ಎರಡು ಬೆರಳು ಹಿಂದೆಯೇ ನಿಂತಿತು. ತಪ್ಪಿರಬೇಕು ಎಂದು ಮತ್ತೆ ಸುತ್ತಿದಳು. ತಪ್ಪಿರಲಿಲ್ಲ.

ತಲೆಯೆತ್ತಿ ನೋಡಿದರೆ ಪುಟ್ಟಿ ಬಗ್ಗಿ ಟೇಪನ್ನೇ ನೋಡುತ್ತಿದ್ದಳು. ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಬಂದು ಹೋಯಿತು, ಯಾರಿಗೂ ಕಾಣಬಾರದೆಂದು ನಕ್ಕಂತೆ. ಆ ನಗು ಕತ್ತರಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೈದು ವರ್ಷದಿಂದ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಟೇಪು ಸುತ್ತಿಕೊಂಡು ಅವಳೂ ಅದನ್ನೇ ನಗುತ್ತಿದ್ದಳು.

"ನೋಡಿದ್ಯಾ ಹೆಂಗೆ ಇಳಿದಿದ್ದಾಳೆ!" ಎಂದಳು ಅಕ್ಕ. "ಬಾಯಿಗೆ ಎಷ್ಟು ಕಡಿವಾಣ ಅಂತೀಯ? ಬೆಳಿಗ್ಗೆ ಬೇಡ ಅಂತಾಳೆ, ರಾತ್ರಿ ಒಂಚೂರು. ಥೇಟ್ ಚಿಕ್ಕಮ್ಮನ ಹಾಗೇ ಆಗ್ತಾಳೆ ಅಂತ ಅಮ್ಮ ಹೇಳ್ತಾನೇ ಇರ್ತಾರೆ."

ಬೇಡ, ನನ್ನ ಹಾಗೆ ಆಗೋದು ಬೇಡ ಎಂಬ ಮಾತು ಕತ್ತರಿಯಕ್ಕನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದಳು. ಎಂದಿನಂತೆ ನಕ್ಕು, "ಹೂಂ" ಎಂದು ಅಳತೆ ಬರೆದುಕೊಂಡಳು.

ಚಿಕ್ಕಮ್ಮನ ಹಾಗೆ ಎಂದರೆ ಹೇಗೆ ಎಂದು ಆ ಮನೆಯಲ್ಲಿ ಒಬ್ಬರೂ ಯಾವತ್ತೂ ವಿಚಾರಿಸಿದವರಲ್ಲ. ಹಾಗಾಗಿ ಇಲ್ಲಿ ಹೇಳಿಬಿಡುವುದೇ ಸರಿ.

ಕತ್ತರಿಯಕ್ಕ ಹುಟ್ಟಾ ಬಾಯಿಬಡುಕಿ. ಚಿಕ್ಕವಳಿದ್ದಾಗ ಅಳು, ಸಿಟ್ಟು, ನಗು ಮೂರೂ ಅವಳಿಗೆ ಧಾರಾಳ. ಅಕ್ಕ ಮೂಲೆಯಲ್ಲಿ ಕೂತು ಓದಿಕೊಳ್ಳುವ ಮಗು, ಇವಳು ಬೀದಿಗೆಲ್ಲ ಕೇಳುವಂತೆ ರಂಪ ಮಾಡುವ ಮಗು. ಅಮ್ಮನಿಗೆ ಸದ್ದು ಕಂಡರೆ ಆಗುತ್ತಿರಲಿಲ್ಲ. ಮಗಳು ಬಾಯಿ ತೆರೆದಾಗಲೆಲ್ಲ ಒಂದು ಬನ್ನೋ ಬಿಸ್ಕತ್ತೋ ತುರುಕಿ, "ತಿನ್ನು, ಸುಮ್ನಿರು" ಎನ್ನುತ್ತಿದ್ದಳು. ಬಿದ್ದು ಮಂಡಿ ಒಡೆದುಕೊಂಡರೂ ಬಿಸ್ಕತ್ತು, ಗೆಳತಿ ಮಾತು ಬಿಟ್ಟರೂ ಬಿಸ್ಕತ್ತು. ಹುಡುಗಿ ಕಲಿತುಕೊಂಡಳು. ಒಳಗೆ ಏನಾದರೂ ಕುದಿಯತೊಡಗಿದರೆ ಅದು ಏನು, ಯಾಕೆ ಎಂದು ಕೇಳಿಕೊಳ್ಳುವ ಮುಂಚೆಯೇ ಡಬ್ಬಿಗೆ ಕೈ ಹಾಕುತ್ತಿದ್ದಳು.

ಹನ್ನೆರಡು ತುಂಬುವಷ್ಟರಲ್ಲಿ ಮೈ ತುಂಬಿಕೊಂಡಿತು. ಒಂದು ಮಧ್ಯಾಹ್ನ ಮನೆತುಂಬ ನೆಂಟರಿದ್ದಾಗ ಅಮ್ಮ, "ಇವಳಿಗೆ ಒಂದು ಅಂಗಿ ಹೊಲಿಯೋಕೆ ಇವಳಪ್ಪ ಅಂಗಡಿ ಬಟ್ಟೆಯೆಲ್ಲ ತರಬೇಕು" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದರ್ಜಿಯಾದ ಅಪ್ಪ ನಗಲಿಲ್ಲ. ಆದರೆ ತುಟಿ ಪಿಟಕ್ಕೆನ್ನಲೂ ಇಲ್ಲ, ತಲೆ ತಗ್ಗಿಸಿ ಮಷಿನು ತುಳಿಯುತ್ತಲೇ ಇದ್ದ. ಅಂದು ಸಂಜೆ ಅವಳು ತಟ್ಟೆ ದೂಡಿದಳು. ಹಾಗೆ ದೂಡುತ್ತಾ ಹೋದ ಮೇಲೆ, ಒಂದು ತಿಂಗಳಿಗೆ ಅಮ್ಮ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ನೋಡಿ, "ಈಗ ನೋಡು, ಹೆಣ್ಣುಮಗು ಥರ ಕಾಣ್ತೀಯ" ಎಂದಳು. ಅಮ್ಮನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಹಸಿವನ್ನು ಗೆದ್ದವಳಿಗೆ ಅಳುವೂ ಸಿಟ್ಟೂ ಯಾವ ಲೆಕ್ಕ? ಅವೆರಡನ್ನೂ ಜೊತೆಗೇ ನುಂಗಿಕೊಂಡಳು. ನುಂಗಲು ಅಷ್ಟೇ ಉಳಿದಿತ್ತು.

ಅಪ್ಪ ತೀರಿಕೊಂಡ ವರ್ಷ ಅವಳಿಗೆ ಇಪ್ಪತ್ತಾರು. ಆಗಲೂ ಅವಳು ಅಳಲಿಲ್ಲ. ಎಷ್ಟು ಗಟ್ಟಿ ಹೆಣ್ಣು ಎಂದು ಜನ ಮೆಚ್ಚಿಕೊಂಡರು. ಕೆಲ ದಿನಕ್ಕೆ ಕಾರ್ಖಾನೆಯ ಕೆಲಸದವಳೊಬ್ಬಳನ್ನು ಬೀಳ್ಕೊಡುವ ಔತಣದಲ್ಲಿ ಯಾರೋ ಕೈಗೆ ಒಂದು ಗ್ಲಾಸು ಕೊಟ್ಟರು. ಎರಡನೇ ಗುಟುಕಿಗೆ ಎದೆಯೊಳಗಿನ ಬಿಗಿ ಸಡಿಲವಾಯಿತು. ಅಪ್ಪನ ಮೇಲಿನ ದುಃಖ, ಅಪ್ಪ ಬಾಯಿ ಬಿಡಲಿಲ್ಲವಲ್ಲ ಎಂಬ ಸಿಟ್ಟು ಎರಡೂ ದೂರ ಸರಿದು ಕೂತವು. ಇಷ್ಟು ಸುಲಭವೇ ಎಂದುಕೊಂಡಳು ಅವಳು.

ಅಲ್ಲಿಂದ ಮುಂದೆ ಅವಳದೊಂದು ಕಾನೂನಾಯಿತು. ಹಗಲೆಲ್ಲ ಉಪವಾಸ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ, "ಈ ಬಟ್ಟೆ ಪದರ ಮುಗಿಸಿ ಬರ್ತೀನಿ" ಎಂದು ಮೇಜಿನ ಹಿಂದೆಯೇ ಉಳಿಯುತ್ತಿದ್ದಳು. ಕೆಲಸದ ಮೇಲೆ ಎಷ್ಟು ನಿಷ್ಠೆ ನೋಡಿ ಎಂದು ಯಜಮಾನರು ಉಳಿದವರಿಗೆ ಉದಾಹರಣೆ ಕೊಡುತ್ತಿದ್ದರು. ಸಂಜೆ ಆರಕ್ಕೆ ಬೀಗ ರಿಪೇರಿ ಅಂಗಡಿಯ ಮೇಲಿನ ತನ್ನ ಒಂಟಿ ಕೋಣೆಗೆ ಹೋಗಿ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಬಾಟಲಿ ತೆಗೆಯುತ್ತಿದ್ದಳು. ಊಟ ಬಿಟ್ಟಿದ್ದೇನಲ್ಲ, ಆ ಜಾಗ ಗ್ಲಾಸಿಗೆ ಸಲ್ಲಬೇಕು ಎಂಬ ವಾದ. ವಾದಿಯೂ ಅವಳೇ, ನ್ಯಾಯಾಧೀಶೆಯೂ ಅವಳೇ. ಕೆಲವು ಸಂಜೆ ಗ್ಲಾಸು ಮುಗಿಯುತ್ತಲೇ ಹಸಿವು ಒದ್ದುಕೊಂಡು ಬರುತ್ತಿತ್ತು. ಆಗ ಅಡುಗೆ ಕಟ್ಟೆಯ ಮುಂದೆ ನಿಂತೇ ತಣ್ಣಗಿನ ಅನ್ನ, ಬ್ರೆಡ್ಡು, ಕೊನೆಗೆ ಬರೀ ಸಕ್ಕರೆ, ಹೊಟ್ಟೆ ನೋಯುವವರೆಗೆ. ಬೆಳಿಗ್ಗೆ ಅದರ ನಾಚಿಕೆ. ನಾಚಿಕೆಗೆ ಮದ್ದು ಮತ್ತೆ ಉಪವಾಸ, ಉಪವಾಸಕ್ಕೆ ಬಹುಮಾನ ಮತ್ತೆ ಗ್ಲಾಸು. ಮದುವೆಯ ಮಾತು ಎರಡು ಸಲ ಬಂದಿತ್ತು, ಎರಡು ಸಲವೂ ಬೇಡವೆಂದಳು. ಗಂಡು ಒಪ್ಪಿಗೆಯಾಗಲಿಲ್ಲ ಎಂದಲ್ಲ. ಮದುವೆಯಾದರೆ ದಿನಾ ಒಬ್ಬರ ಎದುರು ಕೂತು ಊಟ ಮಾಡಬೇಕಲ್ಲ!

ಇನ್ನೊಂದು ಸಂಗತಿ ಉಂಟು. ಆ ಕಾರ್ಖಾನೆಯ ರಟ್ಟಿನ ಮಾದರಿಗಳಲ್ಲಿ ಹೊಲಿಗೆಯ ಗೆರೆ ಮಾತ್ರ ಇರುತ್ತಿತ್ತು. ಗೆರೆಯ ಆಚೆಗೆ ಒಳಗೆ ಮಡಚಿಡುವ ಬಟ್ಟೆ, ಅಂದರೆ ಮಾರ್ಜಿನ್, ಎಷ್ಟು ಬಿಡಬೇಕು ಎನ್ನುವುದು ಕತ್ತರಿಸುವವರ ಕೈಗೆ ಬಿಟ್ಟದ್ದು. ಕತ್ತರಿಯಕ್ಕ ಎರಡು ಬೆರಳು ಬಿಡುತ್ತಿದ್ದಳು, ಅಪ್ಪ ಕಲಿಸಿದಂತೆ. "ಮಕ್ಕಳು ಬೆಳೀತಾರೆ, ಬಟ್ಟೆ ಬೆಳೆಯಲ್ಲ. ಒಳಗೆ ಬಿಟ್ಟಿರು, ಬೇಕಾದಾಗ ಬಿಚ್ಚಿ ಕೊಡಬಹುದು" ಎನ್ನುತ್ತಿದ್ದ ಅವನು. ಜಿಪುಣ ಯಜಮಾನರು ಎಷ್ಟು ಗೊಣಗಿದರೂ ಆ ಎರಡು ಬೆರಳನ್ನು ಅವಳು ಬಿಟ್ಟುಕೊಟ್ಟವಳಲ್ಲ. ಊರಿನ ಮಕ್ಕಳಿಗೆಲ್ಲ ಬಿಟ್ಟಳು, ತನ್ನ ಬಟ್ಟೆಗೆ ಮಾತ್ರ ಬಿಡಲಿಲ್ಲ. ತನ್ನದನ್ನು ಗೆರೆಯ ಅಂಚಿಗೇ ಕತ್ತರಿಸಿಕೊಳ್ಳುತ್ತಿದ್ದಳು, ಒಂದು ದಾರದಷ್ಟೂ ದಪ್ಪಗಾಗುವಂತಿಲ್ಲ ಎಂದು ತನಗೆ ತಾನೇ ಹಾಕಿಕೊಂಡ ಅಪ್ಪಣೆಯದು.

ಪುಟ್ಟಿಯ ಅಳತೆ ತೆಗೆದ ದಿನ ಸಂಜೆ ಕತ್ತರಿಯಕ್ಕ ಎಂದಿಗಿಂತ ಹೆಚ್ಚು ಕುಡಿದಳು. ಆ ಸಣ್ಣ ನಗು ಕಣ್ಣಿಂದ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಒಂದು ಲೋಟ ನೀರು ಕುಡಿದು ಕೆಲಸಕ್ಕೆ ಬಂದಳು. ಪುಟ್ಟಿಯ ಶಾಲೆಯ ನಲವತ್ತು ಸ್ಕರ್ಟಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮಾದರಿ ಇಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು, ಕಟಿಂಗ್ ಮಷಿನು ಓಡಿಸಿದಳು. ಕೈ ತಾನೇ ತಾನಾಗಿ ಓಡಿತು.

ಮೊದಲ ಸ್ಕರ್ಟು ಮಷಿನಿಗೆ ಹೋದ ಮೇಲೆ ಕಾಜಾ ಅಜ್ಜಿ ಎದ್ದು ಬಂದಳು. ಗುಂಡಿಗೆ ಕಾಜಾ ಹಾಕುವ ಕೆಲಸದಲ್ಲೇ ತಲೆ ನರೆತ ಮುದುಕಿ. ಕಣ್ಣು ಮಂಜಾಗಿದ್ದರೂ ಬೆರಳು ಮಂಜಾಗಿರಲಿಲ್ಲ. ಕತ್ತರಿಸಿದ ತುಂಡಿನ ಅಂಚನ್ನು ಸವರಿ, "ಮಗಳೇ, ಇದರಲ್ಲಿ ಮಾರ್ಜಿನ್ ಎಲ್ಲೇ?" ಎಂದಳು.

ಇರಲಿಲ್ಲ. ನಲವತ್ತರಲ್ಲೂ ಇರಲಿಲ್ಲ. ಗೆರೆಯ ಆಚೆ ಕತ್ತರಿಸಬೇಕಾದವಳು ಗೆರೆಯ ಮೇಲೇ ಕತ್ತರಿಸಿದ್ದಳು. ತನ್ನ ಬಟ್ಟೆ ಕತ್ತರಿಸಿಕೊಳ್ಳುವಂತೆಯೇ ನಲವತ್ತು ಮಕ್ಕಳದನ್ನೂ ಕತ್ತರಿಸಿಬಿಟ್ಟಿದ್ದಳು.

ಯಜಮಾನರು ಓಡಿ ಬಂದರು, ತಲೆ ಚಚ್ಚಿಕೊಂಡರು. ಆಮೇಲೆ ಸ್ವರ ತಗ್ಗಿಸಿ, "ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ನೀವು ತಪ್ಪಿದವರಲ್ಲ. ಮೈ ಹುಷಾರಿರಲಿಲ್ವಾ? ಜ್ವರ ಗಿರ ಏನಾದ್ರೂ?" ಎಂದರು.

ಪಾಪ, ಒಳ್ಳೆಯ ಮನುಷ್ಯ, ಸುಳ್ಳನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಕೊಟ್ಟರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಕತ್ತರಿಯಕ್ಕ ಮೇಜಿನ ಮೇಲಿನ ನಲವತ್ತು ತುಂಡು ನೋಡಿದಳು. ಪುಟ್ಟಿಯದೂ ಅದರಲ್ಲಿತ್ತು. ಮಗುವಿಗೆ ಮುಂದಕ್ಕೆ ಬೆಳೆಯಲು ಒಂದು ಎಳೆ ಬಟ್ಟೆಯನ್ನೂ ಉಳಿಸದೆ ಕತ್ತರಿಸಿದ್ದು ತನ್ನ ಕೈಯೇ. ಅದನ್ನು ನೋಡಿ ಅವಳಿಗೆ ತಡೆಯಲಾರದ ಸಿಟ್ಟು ಬಂತು, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಸಿಟ್ಟೆಂದು ಗುರುತು ಹಿಡಿಯುವಂತೆ ಬಂತು.

"ಜ್ವರ ಇಲ್ಲ," ಎಂದಳು. "ನಿನ್ನೆ ಸಂಜೆ ಕುಡಿದಿದ್ದೆ. ದಿನಾ ಕುಡೀತೀನಿ. ನಿನ್ನೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಮೊನ್ನೆ ಹಗಲೂ ತಿಂದಿಲ್ಲ. ಪದರ ಮುಗಿಸಿ ಬರ್ತೀನಿ ಅಂದಿದ್ದೆಲ್ಲ ಸುಳ್ಳು."

ಹತ್ತು ಮಷಿನೂ ನಿಂತವು. ಯಜಮಾನರು ಅತ್ತಿತ್ತ ನೋಡಿ, "ಇದನ್ನೆಲ್ಲ ಎಲ್ಲರ ಮುಂದೆ ಹೇಳೋದಾ? ಒಳಗೆ ಬಂದು ಹೇಳಬಹುದಿತ್ತಲ್ಲಮ್ಮ" ಎಂದರು.

"ಒಳಗೇ ಇಟ್ಕೊಂಡು ಇಲ್ಲಿಗೆ ಬಂದಿರೋದು ಸಾರ್."

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಕುಡಿಯುವ ಗಂಡಸಿಗೆ ಕಷ್ಟವಿರುತ್ತದೆ, ಕುಡಿಯುವ ಹೆಂಗಸಿಗೆ ಕೊಬ್ಬಿರುತ್ತದೆ ಎಂದು ನಂಬುವ ಜನ ಎಲ್ಲ ಕಡೆಯೂ ಇದ್ದಾರೆ, ಅಲ್ಲಿಯೂ ಇದ್ದರು. ಯಜಮಾನರು ಮಾತ್ರ ಸ್ಕರ್ಟುಗಳನ್ನು ಚಿಕ್ಕ ಮಕ್ಕಳ ಅಳತೆಗೆ ಇಳಿಸಿದರು. ಕತ್ತರಿಯಕ್ಕನನ್ನು ಎರಡು ವಾರ ಕಾಜಾ ಅಜ್ಜಿಯ ಪಕ್ಕ ಗುಂಡಿ ಹಚ್ಚಲು ಕೂರಿಸಿ, "ಮೊದಲು ಆಸ್ಪತ್ರೆಗೆ ಹೋಗಿ, ಆಮೇಲೆ ಮಷಿನು ಮುಟ್ಟಿ" ಎಂದರು. ಪುಟ್ಟಿಗೆ ಬೇರೆ ಬಟ್ಟೆ ತೆಗೆದಿಟ್ಟರು.

ಆಸ್ಪತ್ರೆಗೆ ಅಜ್ಜಿಯೂ ಜೊತೆಗೆ ಬಂದಳು. ಕುಡಿತ ಬಿಡಿಸುವವರು ನೆಲಮಹಡಿಯಲ್ಲಿದ್ದರು. ಅಲ್ಲಿನ ಡಾಕ್ಟರು ಎಲ್ಲ ಕೇಳಿ, ಒಮ್ಮೆಲೇ ಬಿಟ್ಟರೆ ಅಪಾಯ ಎಂದು ಮಾತ್ರೆ ಬರೆದು, ದಿನಾ ಬಂದು ತೋರಿಸಿ ಎಂದರು. "ಊಟದ್ದೂ ಒಂದು ತೊಂದರೆ ಇದೆ" ಎಂದಳು ಕತ್ತರಿಯಕ್ಕ. "ಅದು ಮೇಲೆ" ಎಂದರು. ಮೇಲೆ ಊಟದ ಸಲಹೆ ಕೊಡುವ ಹೆಂಗಸು ಎಷ್ಟು ಹೊತ್ತಿಗೆ ಏನು ತಿನ್ನಬೇಕು ಎಂದು ಅಚ್ಚುಹಾಕಿದ ಹಾಳೆ ಕೊಟ್ಟಳು. "ಸಂಜೆ ಗ್ಲಾಸು ಹಿಡಿದ ಮೇಲೆ ಈ ಹಾಳೆ ನಡೆಯಲ್ಲ" ಎಂದಳು ಇವಳು. "ಗ್ಲಾಸು ಕೆಳಗೆ" ಎಂದಳು ಅವಳು. ಸಿಟ್ಟು, ದುಃಖ ಬಂದಾಗಲೇ ಇದೆಲ್ಲ ಆಗುತ್ತದಲ್ಲ ಎಂದು ಕೇಳಿದ್ದಕ್ಕೆ, "ಅದು ಹಿಂದಿನ ಕಟ್ಟಡ" ಎಂಬ ಉತ್ತರ ಬಂತು. ಮೂರನೆಯ ಸಲ ಮೆಟ್ಟಿಲು ಇಳಿಯುವಾಗ ಕತ್ತರಿಯಕ್ಕ ನಡುವಿನ ತಿರುವಿನಲ್ಲಿ ಕೂತುಬಿಟ್ಟಳು.

"ಏಳೇ, ಜನ ಓಡಾಡ್ತಾರೆ," ಎಂದಳು ಅಜ್ಜಿ.

"ಓಡಾಡ್ಲಿ. ನಾನೇನು ಮೂರು ಜನಾನಾ? ಒಬ್ಬಳು. ಕುಡಿಯೋಳೂ ನಾನೇ, ತಿನ್ನದೆ ಇರೋಳೂ ನಾನೇ, ಸಿಟ್ಟು ನುಂಗೋಳೂ ನಾನೇ. ಮೂರು ಕಡೆಯವರೂ ಇಲ್ಲಿಗೆ ಬರ್ಲಿ. ಅಲ್ಲಿವರೆಗೆ ಏಳಲ್ಲ."

ಅಜ್ಜಿಯೂ ಪಕ್ಕದಲ್ಲಿ ಕೂತು, ಚೀಲದಿಂದ ಸೂಜಿ ದಾರ ತೆಗೆದು ಅರ್ಧವಾಗಿದ್ದ ಕಾಜಾ ಮುಂದುವರಿಸಿದಳು. ಕಾವಲಿನವನು ಬಂದು ಗದರಿದ, ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ಗಂಟೆಗೆ ಸುದ್ದಿ ಮುಟ್ಟಿ ಹಿಂದಿನ ಕಟ್ಟಡದಿಂದ ಮನಸ್ಸಿನ ವಿಭಾಗದ ಹುಡುಗಿಯೊಬ್ಬಳು ನಗುತ್ತಾ ಬಂದು, ಕೆಳಗಿನ ಮೆಟ್ಟಿಲಿನಲ್ಲಿ ಕೂತಳು.

"ಮೇಡಂ, ಕೊನೇ ಸಲ ಗ್ಲಾಸಿಗೆ ಕೈ ಹಾಕೋ ಮುಂಚೆ ಏನಾಗಿತ್ತು?"

"ಏನೂ ಆಗಿರಲಿಲ್ಲ. ಅಕ್ಕ ಬಂದಿದ್ಲು. ಮಗಳ ಅಳತೆ ಕೊಡೋಕೆ."

"ಆಗ ನಿಮಗೆ ಏನನ್ನಿಸ್ತು?"

ಕತ್ತರಿಯಕ್ಕ ಬಹಳ ಹೊತ್ತು ಹುಡುಕಿದಳು. ಅನ್ನಿಸಿದ್ದಕ್ಕೆ ಹೆಸರೇ ಸಿಗಲಿಲ್ಲ. "ಹೊಟ್ಟೆಯಲ್ಲಿ ಗಂಟು ಕಟ್ಟಿದ ಹಾಗಾಯ್ತು" ಎಂದಳು ಕೊನೆಗೆ.

"ಅದಕ್ಕೆ ಏನು ಮಾಡಿದ್ರಿ?"

"ನಕ್ಕೆ."

ಹುಡುಗಿ ನಗಲಿಲ್ಲ. ಅಳತೆ ಬರೆಯುವ ಪುಸ್ತಕವಿದ್ದರೆ ಅದರಲ್ಲೇ ದಿನಾ ಬರೆಯಿರಿ ಎಂದಳು: ಏನಾಯಿತು, ಏನನ್ನಿಸಿತು, ಆಮೇಲೆ ಏನು ತಿಂದಿರಿ ಅಥವಾ ಬಿಟ್ಟಿರಿ, ಏನು ಕುಡಿದಿರಿ. ಕೆಳಗಿನವರಿಗೂ ಮೇಲಿನವರಿಗೂ ಫೋನು ಮಾಡಿ, ಇವರದು ಒಂದೇ ಕಾಗದ, ಮೂವರೂ ಅದನ್ನೇ ನೋಡೋಣ ಎಂದು ಜೋರು ಮಾಡಿದಳು.

ಬರೆಯುತ್ತಾ ಹೋದಂತೆ ಕತ್ತರಿಯಕ್ಕನಿಗೆ ವಿಷಯ ತಿಳಿಯತೊಡಗಿತು. ಗ್ಲಾಸು ಬಿಟ್ಟ ಸಂಜೆ ಕೈ ಬ್ರೆಡ್ಡಿನ ಪೊಟ್ಟಣ ಬಿಡುತ್ತಿರಲಿಲ್ಲ. ಊಟ ಬಿಟ್ಟ ಹಗಲಿನ ಸಂಜೆ ಕಾಲು ತಾನಾಗಿ ಬಾಟಲಿ ಅಂಗಡಿಯ ಕಡೆ ತಿರುಗುತ್ತಿತ್ತು. ಎರಡರ ಹಿಂದೆಯೂ ಅಂದಿನ ದಿನ ಯಾರೋ ಏನೋ ಅಂದಿದ್ದು, ಇವಳು ನಕ್ಕು ಸುಮ್ಮನಾಗಿದ್ದು ಇದ್ದೇ ಇರುತ್ತಿತ್ತು. ಮುಂಭಾಗ, ಹಿಂಭಾಗ, ತೋಳು ಎಂದು ಬೇರೆ ಬೇರೆ ಕತ್ತರಿಸಿದರೂ ಅಂಗಿ ಒಂದೇ ಎನ್ನುವುದು ಅವಳಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಗೊತ್ತಾದ ಮಾತ್ರಕ್ಕೆ ಬಿಟ್ಟುಹೋಗುವ ಕಾಯಿಲೆಯಲ್ಲ ಅದು. ಎರಡನೇ ವಾರದಲ್ಲೇ ಒಂದು ಸಂಜೆ ಕುಡಿದಳು. ಅದನ್ನೂ ಬರೆದಳು.

ಶಾಲೆ ಶುರುವಾಗುವ ಹಿಂದಿನ ಭಾನುವಾರ ಪುಟ್ಟಿಯ ಹೊಸ ಸ್ಕರ್ಟು ತೆಗೆದುಕೊಂಡು ಅಕ್ಕನ ಮನೆಗೆ ಹೋದಳು. ಅಮ್ಮ ಅಕ್ಕನ ಜೊತೆಗೇ ಇರುವುದು. ಕುಡಿತದ ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಆದರೆ ಯಾರೂ ಏನೂ ಕೇಳಲಿಲ್ಲ. ಆ ಮನೆಯಲ್ಲಿ ಕೇಳದೆ ಇರುವುದೇ ಮರ್ಯಾದೆ. ಪುಟ್ಟಿ ಸ್ಕರ್ಟು ಹಾಕಿಕೊಂಡು ಬಂದು, "ಚಿಕ್ಕಮ್ಮ, ಸೊಂಟ ಇನ್ನೂ ಸ್ವಲ್ಪ ಬಿಗಿ ಮಾಡು" ಎಂದಳು. ಮೂರು ವಾರದ ಹಿಂದಿನ ಅಳತೆಯೂ ಈಗ ಸಡಿಲ. ಕತ್ತರಿಯಕ್ಕ ಬಿಗಿ ಮಾಡಲಿಲ್ಲ.

ಊಟಕ್ಕೆ ತಟ್ಟೆ ಹಾಕಿದರು. ಭಾವ ಪೇಪರು ಮಡಚಿಟ್ಟು ಕೂತರು. "ನಾನು ಬರೋವಾಗ್ಲೇ ತಿಂದ್ಕೊಂಡು ಬಂದೆ" ಎಂಬುದು ಆ ಮನೆಯಲ್ಲಿ ಕತ್ತರಿಯಕ್ಕನ ಹಳೆಯ ಮಾತು. ಅವಳು ಬಾಯಿ ತೆರೆಯುವ ಮುಂಚೆಯೇ ಪುಟ್ಟಿ, "ನಾನು ಫ್ರೆಂಡ್ ಮನೆಯಲ್ಲೇ ತಿಂದ್ಕೊಂಡು ಬಂದೆ" ಎಂದಳು. ಅದೇ ಧಾಟಿ, ಅದೇ ಹಗುರ ದನಿ.

ಕತ್ತರಿಯಕ್ಕ ಕುರ್ಚಿ ಎಳೆದು ಕೂತಳು. ಅನ್ನ ಬಡಿಸಿಕೊಂಡಳು, ತರಕಾರಿ ಹಾಕಿಕೊಂಡಳು, ಒಂದು ಮೊಟ್ಟೆ ಇಟ್ಟುಕೊಂಡಳು.

"ಇದೇನೇ ಇದು, ಇವತ್ತು ನೀನು ಕೂತಿದ್ದೀಯ!" ಎಂದಳು ಅಮ್ಮ. "ಹುಷಾರು, ಆಮೇಲೆ ಅಂಗಡಿ ಬಟ್ಟೆಯೆಲ್ಲ ತರಬೇಕಾಗುತ್ತೆ."

ಅಕ್ಕ ನಕ್ಕಳು, ಭಾವ ನಕ್ಕರು. ಪುಟ್ಟಿಯೂ ನಕ್ಕಳು. ಹೊಟ್ಟೆಯಲ್ಲಿ ಗಂಟು ಕಟ್ಟಿತು, ಮುಖ ಅಭ್ಯಾಸಬಲದಿಂದ ನಗಲು ಹೊರಟಿತು. ಕತ್ತರಿಯಕ್ಕ ಅದನ್ನು ಅಲ್ಲೇ ತಡೆದಳು.

"ಅಮ್ಮಾ, ನಗಬೇಡ. ಯಾರೂ ನಗಬೇಡಿ. ನನಗೆ ಸಿಟ್ಟು ಬಂದಿದೆ."

ಸಿಟ್ಟು ಬಂದಿದೆ ಎಂದು ಸಾವಧಾನವಾಗಿ ಹೇಳುವವರನ್ನು ಆ ಮನೆ ಕಂಡಿರಲಿಲ್ಲ.

"ನಾನು ಹನ್ನೆರಡು ವರ್ಷದೋಳಿದ್ದಾಗ ಇದೇ ಮಾತು ಅಂದೆ ನೀನು. ಅವತ್ತು ತಟ್ಟೆ ದೂಡಿದ್ದು. ಹಸಿದುಕೊಂಡು ಹಸಿದುಕೊಂಡು ಬೆಳೆದೆ, ಎಲ್ಲಾ ಚಪ್ಪಾಳೆ ತಟ್ಟಿದ್ರಿ. ನುಂಗಕ್ಕಾಗದೇ ಇದ್ದಾಗ ಕುಡಿಯೋದು ಕಲಿತೆ. ಹದಿನೇಳು ವರ್ಷದಿಂದ ದಿನಾ ಕುಡೀತಿದ್ದೀನಿ. ಚಿಕ್ಕಮ್ಮನ ಹಾಗೆ ಅಂತೀರಲ್ಲ, ಚಿಕ್ಕಮ್ಮ ಅಂದ್ರೆ ಇದು. ಈಗ ಪುಟ್ಟೀನ ನೋಡಿ. ಉದ್ದ ಬೆಳೆದಿದ್ದಾಳೆ, ಸೊಂಟ ಕರಗಿದೆ. ಅಳತೆ ಪುಸ್ತಕ ನನ್ನ ಹತ್ರ ಇದೆ. ಫ್ರೆಂಡ್ ಮನೆಯಲ್ಲಿ ಅವಳೇನೂ ತಿಂದಿಲ್ಲ."

"ಮಗು ಎದುರಿಗೆ ಕುಡೀತೀನಿ ಅಂತ ಹೇಳೋಕೆ ನಾಚಿಕೆ ಆಗಲ್ವೇನೇ?" ಎಂದಳು ಅಮ್ಮ.

"ಆಗುತ್ತೆ. ಅದಕ್ಕೇ ಇಷ್ಟು ವರ್ಷ ಮುಚ್ಚಿಟ್ಟೆ. ಮುಚ್ಚಿಟ್ಟಿದ್ದಕ್ಕೆ ಏನು ಬಂತು? ಅವಳೂ ಇದೇ ದಾರಿ ಹಿಡಿದಿದ್ದಾಳೆ."

"ನಾನೇನು ನಿನ್ನ ಉಪವಾಸ ಕೆಡವಿ ಸಾಕಿದ್ನಾ? ಕೇಳಿದಾಗೆಲ್ಲ ಕೊಟ್ಟೆ. ಅತ್ತಾಗೆಲ್ಲ ಕೊಟ್ಟೆ."

"ಅತ್ತಾಗ ನನಗೆ ಬೇಕಾಗಿದ್ದು ಬಿಸ್ಕತ್ತಲ್ಲಮ್ಮ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೇರೆ ದಿನವಾಗಿದ್ದರೆ ಕತ್ತರಿಯಕ್ಕ ಎದ್ದು ಹೋಗಿ ಸಮಾಧಾನ ಮಾಡಿ, ತಪ್ಪೆಲ್ಲ ನಂದೇ ಎಂದು ಒಪ್ಪಿ, ಸಂಜೆ ಅದರ ಮೇಲೆ ಎರಡು ಗ್ಲಾಸು ಸುರಿದುಕೊಳ್ಳುತ್ತಿದ್ದಳು. ಅಂದು ಏಳಲಿಲ್ಲ. ಅಮ್ಮನ ಅಳು ನೋಡಿ ಅವಳಿಗೆ ನೋವಾಯಿತು. ನೋವಾದರೆ ಆಗಲಿ ಎಂದು ಕೂತೇ ಇದ್ದಳು.

ಪುಟ್ಟಿ ಕೆಂಪಾಗಿದ್ದಳು. "ನನ್ನ ಯಾಕೆ ಎಳೀತೀಯ ಇದಕ್ಕೆ? ನಾನೇನು ಕುಡೀತೀನಾ? ಕುಡಿಯೋಳು ನೀನು! ನೀನು ಯಾರು ನನಗೆ ಹೇಳೋಕೆ?"

"ಕುಡಿಯೋಳೇ. ಅದಕ್ಕೇ ಹೇಳ್ತಿರೋದು."

ಹುಡುಗಿ ಕೋಣೆಗೆ ಓಡಿ ದಡಾರನೆ ಬಾಗಿಲು ಹಾಕಿಕೊಂಡಳು. ಅಕ್ಕ, "ಇವತ್ತೇ ಆಗಬೇಕಿತ್ತಾ ಇದು?" ಎಂದು ಮುಖ ತಿರುಗಿಸಿ ಒಳಗೆ ಹೋದಳು. ಭಾವ ಪೇಪರು ಬಿಡಿಸಿದರು. ಕತ್ತರಿಯಕ್ಕ ಊಟ ಮುಂದುವರಿಸಿದಳು. ರುಚಿ ಏನೂ ತಿಳಿಯಲಿಲ್ಲ. ಒಂದೊಂದು ತುತ್ತನ್ನೂ ಹಠ ಹಿಡಿದು ಅಗಿದಳು. ತಟ್ಟೆ ಖಾಲಿಯಾದ ಮೇಲೆ, ಅಮ್ಮ ನೋಡುತ್ತಿರುವಂತೆಯೇ ಇನ್ನೊಂದು ಸೌಟು ಅನ್ನ ಹಾಕಿಕೊಂಡಳು. ಅದನ್ನೂ ಮುಗಿಸಿ ಕೈ ತೊಳೆದು, ಮುಚ್ಚಿದ ಬಾಗಿಲ ಮುಂದೆ ನಿಂತಳು.

"ಪುಟ್ಟಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನಗೆ ನನ್ನ ಮೇಲೆ ಇದ್ರೆ ಇರ್ಲಿ. ಬಂದು ಬೈಯಿ, ಬಾಗಿಲು ಒಡಿ. ನುಂಗಬೇಡ ಅಷ್ಟೇ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಆಮೇಲೆ ಎರಡು ತಿಂಗಳು ಆ ಮನೆಯಿಂದ ಫೋನು ಬರಲಿಲ್ಲ. ಕತ್ತರಿಯಕ್ಕ ಮತ್ತೆ ಕಟಿಂಗ್ ಮೇಜಿಗೆ ಬಂದಳು. ಮಧ್ಯಾಹ್ನ ಕಾಜಾ ಅಜ್ಜಿಯ ಎದುರು ಕೂತು ಬುತ್ತಿ ಬಿಚ್ಚುತ್ತಿದ್ದಳು. ತಿನ್ನಲಾಗದ ದಿನ, "ಇವತ್ತು ಆಗ್ತಿಲ್ಲ, ಅಮ್ಮನ ನೆನಪಾಗಿ ಹೊಟ್ಟೆ ಉರೀತಿದೆ" ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. "ಉರೀಲಿ, ಉರಿದ ಮೇಲೆ ತಿನ್ನು" ಎಂದು ಅಜ್ಜಿ ಡಬ್ಬಿ ಮುಚ್ಚದೆ ಕಾಯುತ್ತಿದ್ದಳು. ಬಾಟಲಿ ಇನ್ನೊಂದು ಸಲ ಮನೆಗೆ ಬಂತು. ಅರ್ಧಕ್ಕೆ ಮೋರಿಗೆ ಸುರಿದು ಮರುದಿನ ಆಸ್ಪತ್ರೆಯಲ್ಲಿ ಹೇಳಿಕೊಂಡಳು. ಮೂರನೆಯ ತಿಂಗಳು ತನಗೊಂದು ಅಂಗಿ ಕತ್ತರಿಸುತ್ತಿದ್ದಾಗ ಅಜ್ಜಿ ಅಂಚು ಸವರಿ, "ನಿನ್ನದಕ್ಕೂ ಎರಡು ಬೆರಳು ಬಿಟ್ಟಿದ್ದೀಯಾ?" ಎಂದಳು.

"ಮೂರು ಬಿಟ್ಟಿದ್ದೀನಿ" ಎಂದಳು ಕತ್ತರಿಯಕ್ಕ.

ಅದೇ ತಿಂಗಳು ಅಕ್ಕ ಒಬ್ಬಳೇ ಬಂದಳು. ಕೂರಲಿಲ್ಲ, ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಪುಟ್ಟಿ ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳಂತೆ. ಮೇಜಿನ ಮೇಲಿನ ಸೀಮೆಸುಣ್ಣ ಹೊರಳಿಸುತ್ತಾ, "ಆ ಮೆಟ್ಟಿಲ ಮೇಲೆ ಬಂದು ಕೂತ್ಕೊಂಡ್ರಂತಲ್ಲ, ಆ ಹುಡುಗಿ ಯಾವಾಗ ಸಿಗ್ತಾರೆ?" ಎಂದಳು. ಕತ್ತರಿಯಕ್ಕ ದಿನ, ಸಮಯ, ಕೋಣೆ ಎಲ್ಲ ಬರೆದುಕೊಟ್ಟಳು. ಅಕ್ಕ ಚೀಟಿ ಮಡಚಿಕೊಂಡು ಹೋದಳು.

ವರ್ಷದ ಕೊನೆಯ ಪರೀಕ್ಷೆಗೆ ಮುಂಚೆ, ಒಂದು ಮಧ್ಯಾಹ್ನ ಕಾರ್ಖಾನೆಯ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಆಟದ ಪ್ಯಾಂಟು ಹಾಕಿದ್ದಳು, ಸ್ಕರ್ಟು ಕೈಯಲ್ಲಿತ್ತು. ಭಾನುವಾರದ ಆ ಊಟದ ಮೇಲೆ ಇಬ್ಬರೂ ಮುಖ ನೋಡಿದ್ದು ಅದೇ ಮೊದಲು. ನೆಟ್ಟಗೆ ಬಂದು ಸ್ಕರ್ಟನ್ನು ಮೇಜಿನ ಮೇಲೆ ಎಸೆದಳು. ಕಣ್ಣು ಕೆಂಪಗಿತ್ತು, ಕೆನ್ನೆಯಲ್ಲಿ ಸ್ವಲ್ಪ ಬಣ್ಣವಿತ್ತು.

"ಬಿಗಿಯಾಗ್ತಿದೆ," ಎಂದಳು, ತಪ್ಪೆಲ್ಲ ಚಿಕ್ಕಮ್ಮನದೇ ಎಂಬಂತೆ. "ಗುಂಡಿ ಹಾಕೋಕೇ ಆಗ್ತಿಲ್ಲ. ಆಸ್ಪತ್ರೆ ಮೇಡಂ ಹೇಳಿದ ಹಾಗೆ ತಿಂತಿದ್ದೀ‌ನಿ, ನೋಡು ಏನಾಯ್ತು. ನಿನ್ನ ಮೇಲೆ ಎಷ್ಟು ಸಿಟ್ಟು ಬರುತ್ತೆ ಗೊತ್ತಾ ನನಗೆ!"

"ಬರ್ಲಿ. ಕೂತ್ಕೋ."

ಕತ್ತರಿಯಕ್ಕ ಸ್ಕರ್ಟಿನ ಒಳಮೈ ತಿರುವಿ, ಸೊಂಟದ ಹೊಲಿಗೆಗೆ ಸಣ್ಣ ಕತ್ತರಿಯ ಮೊನೆ ತಾಕಿಸಿದಳು. ದಾರ ಪಟಪಟನೆ ಬಿಟ್ಟುಕೊಂಡಿತು. ಪಟ್ಟಿಯೊಳಗೆ, ಎರಡೂ ಬದಿಗೆ ಮಡಚಿಟ್ಟಿದ್ದ ಬಟ್ಟೆ ಬಿಡಿಸಿಕೊಂಡು ಬಂತು. ಹೊರಗಿನದು ಒಗೆದು ಒಗೆದು ಮಾಸಿತ್ತು. ಒಳಗಿನದು ಹೊಸದಾಗಿಯೇ ಇತ್ತು. ಪುಟ್ಟಿ ಬಗ್ಗಿ ನೋಡಿದಳು.

"ಇದು ಅವಾಗ್ಲೇ ಇತ್ತಾ?"

"ಅವಾಗ್ಲೇ ಬಿಟ್ಟಿದ್ದೆ."

"ನಾನು ಬಿಗಿ ಮಾಡು ಅಂದಾಗ್ಲೂ?"

"ಆಗಲೂ ಇತ್ತು. ನಿಂದೇ ಬಟ್ಟೆ, ನಿನಗೇ ಅಂತ ಇಟ್ಟಿದ್ದು."

ಹತ್ತು ಮಷಿನಿನ ಸದ್ದಿನ ನಡುವೆ ಪುಟ್ಟಿ ಜೋರಾಗಿ, ನಾಚಿಕೆ ಬಿಟ್ಟು ಅತ್ತಳು. ಡಬ್ಬಿಯಲ್ಲಿ ಬಿಸ್ಕತ್ತಿತ್ತು, ಕತ್ತರಿಯಕ್ಕ ಅದನ್ನು ಮುಟ್ಟಲಿಲ್ಲ. ಅಳು ಮುಗಿಯುವವರೆಗೆ ಸ್ಕರ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಆಮೇಲೆ ಪುಟ್ಟಿ ಮೂಗೊರೆಸಿಕೊಂಡು, "ಬಿಚ್ಚಿಸಿಕೊಂಡು ಬಂದೆ ಅಂತ ಗೊತ್ತಾದ್ರೆ ಮನೇಲಿ ಅಜ್ಜಿ ಏನಾದ್ರೂ ಅಂತಾರೆ" ಎಂದಳು.

"ಬಿಚ್ಚಿದ್ದು ಚಿಕ್ಕಮ್ಮ ಅಂತ ಹೇಳು. ಅನ್ನೋದಿದ್ರೆ ಇಲ್ಲಿಗೆ ಬಂದು ನನಗೆ ಅನ್ಲಿ." ಕತ್ತರಿಯಕ್ಕ ಸ್ಕರ್ಟನ್ನು ಮಷಿನಿನ ಸೂಜಿಯ ಕೆಳಗಿಟ್ಟು ಕಾಲು ಊರಿದಳು. "ನನಗೀಗ ಜಗಳ ಆಡೋಕೆ ಬರುತ್ತೆ."